ಮನೆಯಲ್ಲೇ ಕರಕುಶಲ ಮಾರಾಟ: ಮಾಡಿದವರ ಕೈಗೆ ನ್ಯಾಯವಾದ ಹಣ ಸೇರಬೇಕಾದರೆ

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೇನೆ, ಕೆಲಸದಿಂದ ನಿವೃತ್ತಳಾಗಿದ್ದೇನೆ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಅವಳ ನೆರೆಮನೆಯಾಕೆ ಸ್ನೇಹಿತರನ್ನೆಲ್ಲ ಕರೆದು, ಬೇರೆ ಬೇರೆ ದೇಶಗಳ ಹೆಣ್ಣುಮಕ್ಕಳು ಮಾಡಿದ ವಸ್ತುಗಳನ್ನು ಹಾಲ್‌ನಲ್ಲೇ ಜೋಡಿಸಿ ಮಾರಿದ್ದನ್ನು ನೋಡಿದೆ. ಫೇರ್ ಟ್ರೇಡ್ ಪಾರ್ಟಿ, ಅಂದರೆ ಮಾಡಿದವರಿಗೆ ನ್ಯಾಯವಾದ ಹಣ ಸೇರುವಂಥ ಮಾರಾಟ, ಎಂದರು. ನಮ್ಮ ಕಡೆಯ ಮಹಿಳಾ ಸಂಘಗಳ ವಸ್ತುಗಳನ್ನಿಟ್ಟು ನಾನೂ ಹಾಗೆ ಮಾಡಬೇಕೆಂದಿದ್ದೇನೆ. ಇಪ್ಪತ್ತು ಇಪ್ಪತ್ತೈದು ಜನ ಬರಬಹುದು. ವಸ್ತುಗಳನ್ನು ಎಲ್ಲಿಂದ ತರಲಿ? ಬೆಲೆ ಹೇಗೆ ಇಡಲಿ? ಜಿಎಸ್‌ಟಿ, ಲೈಸೆನ್ಸ್ ಬೇಕೇ? ಬಂದವರು ದಾಕ್ಷಿಣ್ಯಕ್ಕೆ ಕೊಂಡು ಆಮೇಲೆ ಬೇಸರ ಮಾಡಿಕೊಂಡರೆ? ಎಲ್ಲಕ್ಕಿಂತ ಮುಖ್ಯವಾಗಿ, ಇದರಿಂದ ಆ ಹೆಣ್ಣುಮಕ್ಕಳಿಗೆ ನಿಜಕ್ಕೂ ಉಪಯೋಗವಾಗುತ್ತದೆಯೇ?

ಉತ್ತರ: ಖಂಡಿತ ಮಾಡಿ. ಅಂಗಡಿ ಬಾಡಿಗೆ ಇಲ್ಲ, ನಡುವೆ ದಲ್ಲಾಳಿ ಇಲ್ಲ, ಬರುವವರು ನಿಮ್ಮ ಮಾತನ್ನು ನಂಬುವವರು. ಮೇಳದಲ್ಲಿ ಮಳಿಗೆ ಹಾಕಿ ಬಿಸಿಲಲ್ಲಿ ಕೂತವರಿಗೆ ಇಷ್ಟು ಅನುಕೂಲ ಇರುವುದಿಲ್ಲ. ಆದರೆ ಅತಿಥಿಗಳ ಪಟ್ಟಿ, ತಿಂಡಿ, ಅಲಂಕಾರದ ಯೋಚನೆಗೆ ಇಳಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಗಟ್ಟಿ ಮಾಡಿಕೊಳ್ಳಿ: ಮಾರಾಟವಾಗದೆ ಉಳಿದ ಸಾಮಾನಿನ ನಷ್ಟ ಯಾರ ತಲೆಗೆ? ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ, ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ.

ಮಹಿಳಾ ಗುಂಪುಗಳ ವಸ್ತುಗಳ ಮಾರಾಟದ ಕೆಲಸದಲ್ಲಿ ಬಹಳ ಕಾಲದಿಂದ ಇರುವವಳು ನಾನು. ಒಳ್ಳೆಯ ಮನಸ್ಸಿನವರೂ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: "ಸಾಮಾನು ಕಳಿಸಿ, ಮಾರಿದಷ್ಟಕ್ಕೆ ದುಡ್ಡು ಕೊಡ್ತೀವಿ, ಉಳಿದದ್ದು ವಾಪಸ್." ಕೇಳಲು ಸರಿಯಾಗಿಯೇ ಇದೆ. ಈಗ ಅದೇ ವ್ಯವಹಾರವನ್ನು ಕಸೂತಿ ಹಾಕುವ ಹೆಂಗಸಿನ ಕಡೆಯಿಂದ ನೋಡಿ. ಬಟ್ಟೆ ದಾರಕ್ಕೆ ಅವಳು ಸಂಘದಿಂದ ಸಾಲ ತೆಗೆದಿರುತ್ತಾಳೆ. ಮನೆಕೆಲಸದ ನಡುವೆ ಬಿಡುವು ಮಾಡಿಕೊಂಡು ಎರಡು ಮೂರು ವಾರ ಕೂತು ಕೆಲಸ ಮುಗಿಸುತ್ತಾಳೆ. ಕಳಿಸಿದ ಮೇಲೆ ಒಂದೂವರೆ ಎರಡು ತಿಂಗಳು ಸುದ್ದಿಯಿಲ್ಲ. ಆಮೇಲೆ ಹತ್ತರಲ್ಲಿ ಐದು ತುಂಡು ವಾಪಸ್ ಬರುತ್ತವೆ. ಹತ್ತಾರು ಕೈ ಮುಟ್ಟಿದ ಬಟ್ಟೆ, ಮಡಿಕೆ ಬಿದ್ದ ಜಾಗದಲ್ಲಿ ಕೊಳೆಯ ಗೆರೆ, ಯಾರೋ ಕತ್ತಿನ ಹತ್ತಿರ ಹಿಡಿದು ನೋಡಿದ್ದಕ್ಕೆ ಪೌಡರ್ ಕಲೆ. ಅದನ್ನು ಇನ್ನೊಬ್ಬರಿಗೆ ಪೂರ್ತಿ ಬೆಲೆಗೆ ಮಾರುವಂತಿಲ್ಲ. ಸಾಲಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ನಮ್ಮ ಮನೆಯ ಸಂಜೆ ಚೆನ್ನಾಗಿ ಕಳೆದಿರುತ್ತದೆ, ಅದರ ಖರ್ಚು ಅವಳ ಮೇಲೆ ಬಿದ್ದಿರುತ್ತದೆ.

ಫೇರ್ ಟ್ರೇಡ್ ಎಂದರೆ ಹೆಚ್ಚು ಬೆಲೆ ಕೊಡುವುದು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ವಿಶ್ವ ಫೇರ್ ಟ್ರೇಡ್ ಸಂಘಟನೆ ಹತ್ತು ತತ್ವಗಳನ್ನು ಇಟ್ಟುಕೊಂಡಿದೆ; ಬಾಲಕಾರ್ಮಿಕತೆ ಕೂಡದು, ಹೆಣ್ಣು ಗಂಡೆಂಬ ಭೇದ ಕೂಡದು, ಲೆಕ್ಕ ಪಾರದರ್ಶಕವಾಗಿರಬೇಕು, ಹೀಗೆ. ಅವುಗಳಲ್ಲಿ ನನಗೆ ತೀರಾ ಮುಖ್ಯವೆನಿಸುವುದು ಹಣ ಯಾವಾಗ ಕೊಡಬೇಕು ಎನ್ನುವ ನಿಯಮ. ಕರಕುಶಲ ವಸ್ತುಗಳಿಗೆ ಆರ್ಡರ್ ಕೊಡುವಾಗ, ಮಾಡುವವರು ಕೇಳಿದರೆ ಕನಿಷ್ಠ ಅರ್ಧದಷ್ಟು ಹಣವನ್ನು ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಬೇಕು. ನಾನು ನಿಮಗೆ ಹೇಳುವುದು ಇನ್ನೊಂದು ಹೆಜ್ಜೆ ಮುಂದೆ: ಅರ್ಧ ಆರ್ಡರ್ ಕೊಟ್ಟಾಗ, ಉಳಿದರ್ಧ ಸಾಮಾನು ಮನೆಗೆ ಬಂದ ದಿನ. ನಿಮ್ಮ ಮಾರಾಟಕ್ಕೂ ಅವರ ದುಡ್ಡಿಗೂ ಸಂಬಂಧವೇ ಇರಬಾರದು.

"ಅಷ್ಟು ಹಣ ನಾನೊಬ್ಬಳೇ ಹೇಗೆ ಹಾಕಲಿ" ಎನ್ನುತ್ತೀರಿ. ಒಬ್ಬರೇ ಹಾಕಬೇಡಿ. ಐದು ಜನ ಗೆಳತಿಯರು ತಲಾ 5,000 ರೂಪಾಯಿ ಹಾಕಿದರೆ 25,000 ಆಯಿತು. ಅಷ್ಟಕ್ಕೆ ಸಾಮಾನು ಕೊಂಡು, ಸಾಗಣೆ ಮತ್ತು ಸಣ್ಣಪುಟ್ಟ ಖರ್ಚಿಗೆ ನೂರಕ್ಕೆ 15 ಸೇರಿಸಿದರೆ ಎಲ್ಲದರ ಮಾರಾಟ ಬೆಲೆ 28,750. ಐದರಲ್ಲಿ ನಾಲ್ಕು ಭಾಗ ಮಾರಾಟವಾದರೂ 23,000 ಕೈಗೆ ಬರುತ್ತದೆ, ಮೇಲೆ 5,000 ಬೆಲೆಯ ಸಾಮಾನು ಉಳಿದಿರುತ್ತದೆ. ಅಂದರೆ ಸಾಗಣೆಯ ಖರ್ಚು ಬಿಟ್ಟು ಒಬ್ಬೊಬ್ಬರ ಪಾಲಿಗೆ ಬಂದ ಹೊರೆ ನಾನೂರು ರೂಪಾಯಿ, ಅದಕ್ಕೂ ಬದಲಿಗೆ ಸಾವಿರ ರೂಪಾಯಿಯ ವಸ್ತು ಕೈಯಲ್ಲಿದೆ. ಆ ವಸ್ತುಗಳನ್ನು ಮದುವೆ, ಗೃಹಪ್ರವೇಶದ ಉಡುಗೊರೆಗೆ ನೀವೇ ಇಟ್ಟುಕೊಳ್ಳಿ. ಬಂದ ಹಣವನ್ನು ಹಂಚಿಕೊಳ್ಳದೆ ಮುಂದಿನ ಆರ್ಡರಿಗೆ ಹಾಗೇ ಬಿಡಿ.

ಇದು ಅಮೆರಿಕದವರ ಶೋಕಿ, ನಮ್ಮ ಮೈಸೂರಿಗೆ ಒಗ್ಗುತ್ತದೆಯೇ ಎಂಬ ಸಂಕೋಚವೂ ನಿಮಗಿದ್ದೀತು. ಫೇರ್ ಟ್ರೇಡ್ ಎಂಬ ಚಳವಳಿಗೆ ಬೇರುಗಳಲ್ಲಿ ಒಂದು ಇಂಥದೇ ಮನೆಮಾರಾಟದಲ್ಲಿದೆ. 1946ರಲ್ಲಿ ಈಡ್ನಾ ರೂತ್ ಬೈಲರ್ ಎಂಬ ಅಮೆರಿಕದ ಗೃಹಿಣಿ ಪೋರ್ಟೊ ರಿಕೊಗೆ ಹೋಗಿದ್ದಾಗ ಅಲ್ಲಿನ ಬಡ ಹೆಂಗಸರ ಕಸೂತಿ ನೋಡಿ, ಕೊಂಡು ತಂದು, ಪೆನ್ಸಿಲ್ವೇನಿಯಾದ ತಮ್ಮ ನೆರೆಹೊರೆಯವರಿಗೆ ಮಾರಿದರು. ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಊರೂರು ತಿರುಗಿದರು. ಅದೇ ಬೆಳೆದು ಟೆನ್ ಥೌಸಂಡ್ ವಿಲೇಜಸ್ ಎಂಬ ದೊಡ್ಡ ಸಂಸ್ಥೆಯಾಯಿತು. ನಮ್ಮಲ್ಲಿ ಇಂಥ ಕೆಲಸಕ್ಕೆ ಸ್ವಾತಂತ್ರ್ಯದ ನಂತರ ದೇಶಮಟ್ಟದಲ್ಲಿ ಅಡಿಪಾಯ ಹಾಕಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮನೆಯ ಹಾಲ್‌ನಲ್ಲಿ ಮಾಡುವ ಕೆಲಸ ಸಣ್ಣದು ಎಂದುಕೊಳ್ಳಬೇಡಿ.

ಇನ್ನು ವಸ್ತುಗಳ ವಿಷಯ. ಮೈಸೂರಿನಲ್ಲಿ ಕೂತು ಯೋಚಿಸುವವರಿಗೆ ಆಯ್ಕೆ ಧಾರಾಳವಾಗಿದೆ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಇದೆ. ಖಾದಿ, ಕೈಮಗ್ಗದ ಬಟ್ಟೆಗೆ ಹೆಸರಾದ ಜಾಗ. ಚನ್ನಪಟ್ಟಣದ ಬೊಂಬೆ ಬೆಂಗಳೂರು ರಸ್ತೆಯಲ್ಲೇ ಸಿಗುತ್ತದೆ, ಆದರೆ ಹೆದ್ದಾರಿಯ ಅಂಗಡಿಗಳಲ್ಲಿ ಕೊಳ್ಳದೆ ಊರೊಳಗೆ ಹೋಗಿ ಹೆಣ್ಣುಮಕ್ಕಳು ಕೆಲಸ ಮಾಡುವ ಘಟಕ ಹುಡುಕಿ. ಸಾಗರದ ಹತ್ತಿರ ಹೆಗ್ಗೋಡಿನ ಕಡೆ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘದ್ದು ಸಹಜ ಬಣ್ಣದ ಕೈಮಗ್ಗದ ಬಟ್ಟೆ. ಅಡಿಕೆ ಬೇಯಿಸಿದ ಚೊಗರಿನಿಂದ ಬರುವ ಅದರ ಕೆಂಗಂದು ಬಣ್ಣವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರ ಕಸೂತಿ ಇದೆ. ಸಂಡೂರು ಲಂಬಾಣಿ ಕಸೂತಿಗೂ ಧಾರವಾಡ ಕಡೆಯ ಕಸೂತಿಗೂ ಚನ್ನಪಟ್ಟಣದ ಬೊಂಬೆಗೂ ಭೌಗೋಳಿಕ ಗುರುತು, ಅಂದರೆ ಆ ಸೀಮೆಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಎನ್ನುವ ಜಿಐ, ಸಿಕ್ಕಿದೆ. ಮೈಸೂರಿನಲ್ಲೇ ಬಂಬೂ ಬಜಾರ್, ಮೇದರ ಬ್ಲಾಕ್ ಕಡೆ ಬಿದಿರಿನ ಬುಟ್ಟಿ, ಮೊರ ಹೆಣೆಯುವವರಿದ್ದಾರೆ. ಗ್ರಾಮಾಂತರದ ಸ್ವಸಹಾಯ ಸಂಘಗಳನ್ನು ಹುಡುಕಬೇಕಾದರೆ ತಾಲ್ಲೂಕು ಪಂಚಾಯಿತಿಯಲ್ಲಿ ಸಂಜೀವಿನಿ ಯೋಜನೆ ನೋಡಿಕೊಳ್ಳುವವರನ್ನು ಕೇಳಿ. ಯಾವ ಊರಿನ ಯಾವ ಸಂಘ ಏನು ಮಾಡುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹೆಬ್ಬಾಳದ ಜೆಎಸ್‌ಎಸ್ ಅರ್ಬನ್ ಹಾತ್‌ನಲ್ಲಿ ಮೇಳ ನಡೆಯುವಾಗ ಹೋಗಿ ಕುಶಲಕರ್ಮಿಗಳನ್ನೇ ಮಾತಾಡಿಸಬಹುದು.

ಮೊದಲ ಸಲ ಎಲ್ಲವನ್ನೂ ತರಲು ಹೋಗಬೇಡಿ. ಎರಡು ಗುಂಪು, ಹೆಚ್ಚೆಂದರೆ ಮೂರು. ಆರು ಕಡೆಯಿಂದ ನಾಲ್ಕು ನಾಲ್ಕು ವಸ್ತು ತಂದರೆ ಹಾಲ್ ತುಂಬಿದಂತೆ ಕಾಣುತ್ತದೆ, ಯಾರಿಗೂ ಕೈತುಂಬ ಕೆಲಸ ಕೊಟ್ಟಂತಾಗುವುದಿಲ್ಲ. ಒಂದೇ ಗುಂಪಿಗೆ ಹನ್ನೆರಡು ಸಾವಿರದ ಆರ್ಡರ್ ಬಂದರೆ ಆ ತಿಂಗಳು ಅಲ್ಲಿ ನಾಲ್ಕೈದು ಜನ ಕೆಲವು ದಿನವಾದರೂ ಬೇರೆ ಕೂಲಿಗೆ ಹೋಗದೆ ಕೂತು ಕೆಲಸ ಮಾಡುತ್ತಾರೆ.

ಕೈಕೆಲಸ ಎಂದಾಕ್ಷಣ ಅದು ನ್ಯಾಯವಾಗಿ ಮಾಡಿಸಿದ್ದು ಎಂದು ತಿಳಿಯಬಾರದು. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಕೂಲಿ ತೀರಾ ಕಡಿಮೆ ಇಡುವುದು ಸುಲಭ, ಏಕೆಂದರೆ ಆ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಗರಬತ್ತಿ ಹೊಸೆಯುವುದನ್ನು ನೀವು ನೋಡಿರಬಹುದು; ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ದರ ಇಳಿದರೆ ಸಂಪಾದನೆ ಸರಿದೂಗಿಸಲು ಮನೆಮಂದಿಯೆಲ್ಲ, ಶಾಲೆಯಿಂದ ಬಂದ ಮಕ್ಕಳೂ ಸೇರಿ, ಕೂರಬೇಕಾಗುತ್ತದೆ. ಹೀಗೆ ಮನೆಯಲ್ಲೇ ಕೂತು ದುಡಿಯುವವರ ಹಕ್ಕಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಒಂದು ಒಪ್ಪಂದ ಮಾಡಿತು, ಭಾರತ ಅದನ್ನು ಅನುಮೋದಿಸಿಲ್ಲ. ಹಾಗಾಗಿ ಕೇಳಿ ತಿಳಿಯುವ ಜವಾಬ್ದಾರಿ ಕೊಳ್ಳುವವರ ಮೇಲೇ ಬೀಳುತ್ತದೆ.

ಒಮ್ಮೆ ಗುಂಪಿನವರಿರುವಲ್ಲಿಗೇ ಹೋಗಿ. ಕಾರ್ಯದರ್ಶಿಯ ಜೊತೆ ಮಾತಾಡಿ, ಆಮೇಲೆ ಕೆಲಸ ಮಾಡುವ ಹೆಂಗಸರ ಪಕ್ಕ ಕೂತು ಎರಡೇ ಪ್ರಶ್ನೆ ಕೇಳಿ. "ಈ ಚೀಲಕ್ಕೆ ನಿಮ್ಮ ಕೈಗೆ ಎಷ್ಟು ಬರುತ್ತೆ?" ಮತ್ತು "ಹೋದ ಸಲದ ದುಡ್ಡು ಯಾವಾಗ ಬಂತು?" ಮೊದಲ ಪ್ರಶ್ನೆಗಿಂತ ಎರಡನೆಯದಕ್ಕೆ ಬರುವ ಉತ್ತರ ಹೆಚ್ಚು ಹೇಳುತ್ತದೆ. ನಾಲ್ಕು ಜನ ನಾಲ್ಕು ಲೆಕ್ಕ ಹೇಳಿದರೆ, ಅಥವಾ ಕಾರ್ಯದರ್ಶಿಯ ಮುಖ ನೋಡಿ ಸುಮ್ಮನಾದರೆ, ಅಲ್ಲಿ ಆರ್ಡರ್ ಕೊಡುವ ಮೊದಲು ಇನ್ನೊಂದು ಸಲ ಯೋಚಿಸಿ. ಮತ್ತೆ ಒಂದು ಎಚ್ಚರಿಕೆ: ಫೇರ್ ಟ್ರೇಡ್ ಎಂಬ ಮುದ್ರೆಯನ್ನು ತಪಾಸಣೆಗೆ ಒಳಗಾದ ಸಂಸ್ಥೆಗಳಷ್ಟೇ ಬಳಸಬೇಕು. ನಿಮ್ಮ ಆಹ್ವಾನದಲ್ಲಿ ಆ ಲೋಗೊ ಹಾಕಬೇಡಿ. "ಫೇರ್ ಟ್ರೇಡ್ ತತ್ವದಂತೆ ಮಾರಾಟಕ್ಕೆ ಮೊದಲೇ ಪೂರ್ತಿ ಹಣ ಕೊಟ್ಟು ತಂದ ವಸ್ತುಗಳು" ಎಂದು ಬರೆಯಿರಿ. ಅದು ನಿಜ, ಲೋಗೊಗಿಂತ ಹೆಚ್ಚು ಅರ್ಥವೂ ಆಗುತ್ತದೆ.

ಬೆಲೆಯ ಲೆಕ್ಕ ಒಂದು ಉದಾಹರಣೆಯಿಂದ ಹೇಳುತ್ತೇನೆ. ಕೈ ಕಸೂತಿಯ ಒಂದು ರವಿಕೆ ಕಣಕ್ಕೆ ಹನ್ನೆರಡು ಗಂಟೆ ಕೆಲಸ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಯ ದಿನಕ್ಕೆ 500 ರೂಪಾಯಿ ಕೂಲಿ ಎಂದು ನೀವು ಮತ್ತು ಗುಂಪಿನವರು ಕೂತು ಒಪ್ಪಿಕೊಂಡರೆ 750 ಆಯಿತು. ಬಟ್ಟೆ, ದಾರಕ್ಕೆ 200, ಗುಂಪಿನ ನಿರ್ವಹಣೆಗೆ 50. ಒಟ್ಟು ಸಾವಿರ. ಇದಕ್ಕೆ ನಿಮ್ಮ ನೂರಕ್ಕೆ 15 ಭಾಗ ಸೇರಿ 1,150. ಈ ಲೆಕ್ಕವನ್ನು ಗುಟ್ಟಾಗಿಡಬೇಡಿ. ದಪ್ಪ ಕಾಗದದ ಚೀಟಿಯ ಮೇಲೆ ಕನ್ನಡದಲ್ಲಿ ಬರೆದು ವಸ್ತುವಿಗೆ ಕಟ್ಟಿ: ಕೆಲಸದ ಕೂಲಿ ಇಷ್ಟು, ಸಾಮಗ್ರಿ ಇಷ್ಟು, ಗುಂಪಿಗೆ ಇಷ್ಟು, ಸಾಗಣೆಗೆ ಇಷ್ಟು. ಮಾಡಿದವರು ಒಪ್ಪಿದರೆ ಅವರ ಹೆಸರು, ಊರು. ಒಪ್ಪದಿದ್ದರೆ ಗುಂಪಿನ ಹೆಸರು ಸಾಕು.

ದೇವರಾಜ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ಅಭ್ಯಾಸವಾದ ಊರು ನಮ್ಮದು. "ಏನ್ರೀ, ನಮಗೂ ಇದೇ ರೇಟಾ?" ಎಂದು ಆಪ್ತರೇ ಮೊದಲು ಕೇಳುತ್ತಾರೆ. ಚೀಟಿ ತೋರಿಸಿ, "ಇದರಲ್ಲಿ ಯಾವುದನ್ನು ಕಡಿಮೆ ಮಾಡಲಿ ಹೇಳಿ" ಎಂದು ಸಮಾಧಾನವಾಗಿ ಕೇಳಿ. ಹೆಚ್ಚಿನವರು ಅಲ್ಲಿಗೆ ನಿಲ್ಲಿಸುತ್ತಾರೆ. ಒಬ್ಬರಿಗೆ ಐವತ್ತು ರೂಪಾಯಿ ಬಿಟ್ಟರೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಪೂರ್ತಿ ಕೊಟ್ಟವರಿಗೆ ಮೋಸವಾದಂತೆ. "ಮುನ್ನೂರಕ್ಕೆ ಇಂಥದೇ ಸಿಗುತ್ತೆ" ಎನ್ನುವವರೂ ಬರುತ್ತಾರೆ. ಅವರ ಜೊತೆ ವಾದ ಬೇಡ, ವಸ್ತುವನ್ನು ತಿರುಗಿಸಿ ತೋರಿಸಿ.

ಧಾರವಾಡ ಕಡೆಯ ಕಸೂತಿಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಅದರಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತು ಹಾಕುವುದಿಲ್ಲ, ನೂಲಿನ ಎಳೆ ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ ಮೂಡಿಸುತ್ತಾರೆ. ಗವಂತಿಯಲ್ಲಿ ಸೂಜಿ ಒಂದು ಕಡೆಯಿಂದ ಹೋಗುವಾಗ ಎಳೆ ಬಿಟ್ಟು ಎಳೆ ಹೊಲಿಯುತ್ತದೆ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿ ಬಟ್ಟೆಯ ಎರಡೂ ಮುಖ ಒಂದೇ ಥರ, ಗಂಟು ಎಲ್ಲೂ ಎದ್ದು ಕಾಣುವುದಿಲ್ಲ. ಯಂತ್ರದ ಕಸೂತಿ ತಿರುಗಿಸಿದರೆ ಕೆಳದಾರದ ಜಾಲ, ಕೆಲವೊಮ್ಮೆ ಅಂಟಿಸಿದ ಬಿಳಿ ಪದರ ಕೈಗೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಡಿ, ಬಂದವರ ಕೈಗೇ ಕೊಡಿ. ಒಂದೂವರೆ ನಿಮಿಷದಲ್ಲಿ ಬೆಲೆಯ ಮಾತು ನಿಂತು, ಇಷ್ಟು ಎಣಿಸಿಕೊಂಡು ಹೇಗೆ ಕೂರುತ್ತಾರೆ ಎಂಬ ಮಾತು ಶುರುವಾಗುತ್ತದೆ.

ಚನ್ನಪಟ್ಟಣದ ಬೊಂಬೆಗೂ ಹೀಗೇ ವಿವರ ಹೇಳಿ. ಆಲೆ ಮರವನ್ನು ಒಣಗಿಸಿ, ಲೇತ್ ಯಂತ್ರದಲ್ಲಿ ತಿರುಗಿಸಿ ಆಕಾರ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಹೊಳಪು. ಕೊಂಡವರಿಗೆ ಒಂದು ಮಾತು ಹೇಳಲೇಬೇಕು: ಸ್ಯಾನಿಟೈಸರ್ ಹಾಕಿ ಒರೆಸಬೇಡಿ, ಆಲ್ಕೋಹಾಲ್‌ನಲ್ಲಿ ಅರಗು ಕರಗುತ್ತದೆ. ಬಿಸಿಲಿಗೂ ಇಡಬೇಡಿ.

ದಿನಾಂಕ ನಿಗದಿ ಮಾಡುವಾಗ ನಮ್ಮ ಪಂಚಾಂಗ ನೋಡಲೇಬೇಕು. ನವರಾತ್ರಿಯಲ್ಲಿ ಹೇಗೂ ಬೊಂಬೆ ನೋಡಲು ಜನ ಬರುತ್ತಾರೆ, ಆಗಲೇ ಮಾಡೋಣ ಎಂದು ಅನ್ನಿಸುವುದು ಸಹಜ. ಬೇಡ ಎನ್ನುತ್ತೇನೆ. ಅಷ್ಟರಲ್ಲಿ ಬೊಂಬೆ ಕೂರಿಸಿ ಆಗಿರುತ್ತದೆ, ದಸರಾ ವಸ್ತುಪ್ರದರ್ಶನದ ಕಡೆ ಜನ ಹೊರಟಿರುತ್ತಾರೆ. ಅದಕ್ಕೆ ಹಿಂದಿನದು ಪಿತೃಪಕ್ಷ, ಹೊಸ ವಸ್ತು ಕೊಳ್ಳಲು ಬಹಳ ಮನೆಗಳಲ್ಲಿ ಒಪ್ಪುವುದಿಲ್ಲ. ನನ್ನ ಲೆಕ್ಕದಲ್ಲಿ ಚೆನ್ನಾದ ಸಮಯ ವರಮಹಾಲಕ್ಷ್ಮಿ ಹಬ್ಬ ಕಳೆದು ಗೌರಿ ಹಬ್ಬ ಬರುವ ಮುಂಚಿನ ಎರಡು ವಾರ. ಬಾಗಿನಕ್ಕೆ ಎಲ್ಲರಿಗೂ ಮೊರ ಬೇಕು. ಬಣ್ಣದ ಪ್ಲಾಸ್ಟಿಕ್ ಮೊರದ ಬದಲು ಮೇದರ ಹೆಂಗಸರು ಹೆಣೆದ ಬಿದಿರಿನ ಮೊರದ ಜೋಡಿ ಇಟ್ಟರೆ ಒಂದೂ ಉಳಿಯುವುದಿಲ್ಲ. ದಸರಾ ಬೊಂಬೆಗೂ ಜನ ಆಗಲೇ ಯೋಚಿಸುತ್ತಿರುತ್ತಾರೆ.

ಹಾಗಾದರೆ ಆರ್ಡರ್ ಯಾವಾಗ? ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಅಂಗಡಿಗಳ ಬೇಡಿಕೆ ತಗ್ಗಿರುತ್ತದೆ. ಪೇಟೆಯ ಗುಂಪುಗಳಿಗೆ ಆಗ ಕೆಲಸ ಕೊಟ್ಟರೆ ಅವರ ಖಾಲಿ ತಿಂಗಳು ತುಂಬುತ್ತದೆ. ಮಂಡ್ಯ ಕಡೆಯ ಹಳ್ಳಿಯ ಗುಂಪಾದರೆ ಬೇರೆ ಮಾತು. ಕೆಆರ್‌ಎಸ್ ನಾಲೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಹೆಣ್ಣುಮಕ್ಕಳು ಗದ್ದೆಯಲ್ಲಿರುತ್ತಾರೆ, ಸಂಜೆ ಬೆನ್ನು ನೋವಿನಲ್ಲಿ ಸೂಜಿ ಹಿಡಿಯಿರಿ ಎನ್ನುವುದು ನ್ಯಾಯವಲ್ಲ. ಅಂಥವರಿಗೆ ಇನ್ನೂ ಒಂದು ತಿಂಗಳು ಮುಂಚೆ ಆರ್ಡರ್ ಕೊಡಿ. ದಿನಾಂಕವನ್ನು ಅವರೇ ಹೇಳಲಿ, ನೀವು ನಿಮ್ಮ ಸಂಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ.

ದಾಕ್ಷಿಣ್ಯದ ಬಗ್ಗೆ ನೀವು ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಇದಕ್ಕೆ ನನ್ನದು ಕಟ್ಟುನಿಟ್ಟಾದ ಅಭಿಪ್ರಾಯ: ಅರಿಶಿನ ಕುಂಕುಮಕ್ಕೆ ಕರೆದು ವ್ಯಾಪಾರ ತೆರೆಯಬೇಡಿ. ತಾಂಬೂಲಕ್ಕೆಂದು ಬಂದ ಮುತ್ತೈದೆ ಪರ್ಸ್ ತಂದಿರುವುದಿಲ್ಲ, ಬರಿಗೈಲಿ ಹೋಗಲು ಸಂಕೋಚ, ಕೊಂಡರೆ ಮನಸ್ಸಿಲ್ಲದ ಖರ್ಚು. ನಿಮ್ಮಿಬ್ಬರ ಸ್ನೇಹಕ್ಕೂ ಪೆಟ್ಟು, ಮುಂದಿನ ಸಲ ಆಕೆ ಬರುವುದೂ ಇಲ್ಲ. ಕರೆಯುವಾಗಲೇ ವಾಟ್ಸಾಪ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ: "ಶನಿವಾರ ಮಧ್ಯಾಹ್ನ ಮೂರರಿಂದ ಏಳರವರೆಗೆ ನಮ್ಮ ಮನೆಯಲ್ಲಿ ಮಹಿಳಾ ಕುಶಲಕರ್ಮಿಗಳ ವಸ್ತುಗಳ ಮಾರಾಟ ಇದೆ. ಬೆಲೆ ನೂರರಿಂದ ಎರಡು ಸಾವಿರದವರೆಗೆ. ನೋಡಿಕೊಂಡು ಹೋಗಲೂ ಬನ್ನಿ." ಅದರ ಜೊತೆ ಕೆಲವು ವಸ್ತುಗಳ ಚಿತ್ರ, ಬೆಲೆ. ಬೇಕಾದವರು ಬರುತ್ತಾರೆ. ನೂರು ಇನ್ನೂರರ ಸಣ್ಣ ವಸ್ತುಗಳು ಕಾಲು ಭಾಗವಾದರೂ ಇರಲಿ, ಪಿಂಚಣಿಯಲ್ಲಿ ಬದುಕುವವರೂ ತಲೆ ಎತ್ತಿಕೊಂಡು ಏನಾದರೂ ಕೊಳ್ಳುವಂತಿರಬೇಕು. ಕೊಂಡವರ ಹೆಸರು, ಮೊತ್ತ ಗ್ರೂಪಿನಲ್ಲಿ ಹಾಕಲೇಬೇಡಿ.

ಯಾರಾದರೂ "ಸದಸ್ಯರಾಗಿ, ಇಷ್ಟು ಶುಲ್ಕ ಕಟ್ಟಿ, ನಿಮ್ಮ ಕೆಳಗೆ ಇನ್ನೂ ನಾಲ್ವರನ್ನು ಸೇರಿಸಿ, ಕಮಿಷನ್ ಬರುತ್ತೆ" ಎಂದು ಮಹಿಳಾ ಸಬಲೀಕರಣದ ಹೆಸರಲ್ಲಿ ಬಂದರೆ ಬಾಗಿಲಲ್ಲೇ ಬೇಡವೆನ್ನಿ. 2021ರ ನೇರ ಮಾರಾಟ ನಿಯಮಗಳು ಇಂಥ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ.

ಕುಶಲಕರ್ಮಿಯನ್ನೇ ಮನೆಗೆ ಕರೆಸಲೇ ಎಂದು ಮುಂದೆ ನಿಮಗೆ ಅನ್ನಿಸುತ್ತದೆ. ಕರೆಸಿ, ಆದರೆ ಆ ದಿನದ ಕೂಲಿ ಮತ್ತು ಬಸ್ ಖರ್ಚು ಕೊಟ್ಟು ಕರೆಸಿ. ಕತ್ತಲಾಗುವ ಮೊದಲು ಹೊರಡುವಂತೆ ವ್ಯವಸ್ಥೆ ಮಾಡಿ. ಅವರು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತು, ಅತಿಥಿಗಳು ಸೋಫಾದಲ್ಲಿ ಕೂತು ನೋಡುವಂತಾಗಬಾರದು. ಒಳ್ಳೆಯ ಬೆಳಕಿರುವ ಕಿಟಕಿ ಪಕ್ಕ ಕುರ್ಚಿ, ಮೇಜು ಕೊಡಿ, ಅತಿಥಿಗಳಿಗೆ ಕೊಟ್ಟ ಲೋಟದಲ್ಲೇ ಕಾಫಿ ಕೊಡಿ. ಪರಿಚಯ ಮಾಡಿಸುವಾಗ ಅವರ ಕೆಲಸದ ಬಗ್ಗೆ ಹೇಳಿ. ಗಂಡ ಕುಡಿಯುತ್ತಾನೆ, ಮನೆ ಸೋರುತ್ತದೆ ಎಂಬ ಕಥೆ ಹೇಳಿ ಮಾರುವುದು ಅವರ ಕೈಚಳಕಕ್ಕೆ ಮಾಡುವ ಅವಮಾನ, ನನಗೆ ಅದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಫೋಟೊ ತೆಗೆಯುವ ಮೊದಲು ಕೇಳಿ.

ಕಾನೂನಿನ ಮಾತು. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೀವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ 2025ರಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದ ಸುದ್ದಿ ಓದಿದ್ದೀರಿ. ನಿಮ್ಮ ಪಿಂಚಣಿ ಬರುವ ಖಾತೆಗೆ ಮಾರಾಟದ ಹಣ ಬೆರೆಸಬೇಡಿ. ಇದಕ್ಕೆಂದೇ ಒಂದು ಬೇರೆ ಖಾತೆ, ಒಂದು ನೋಟ್‌ಬುಕ್ ಇಡಿ: ಯಾರಿಗೆ ಎಷ್ಟು ಕೊಟ್ಟಿರಿ, ಏನು ಮಾರಿತು, ಎಷ್ಟು ಬಂತು. ಗುಂಪಿನವರ ರಸೀದಿ ಅಂಟಿಸಿ. ಲಾಭ ಉಳಿದರೆ ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು. ವರ್ಷಕ್ಕೆ ಒಂದೆರಡು ಸಲದ ಮನೆಮಾರಾಟ ಬೇರೆ, ತಿಂಗಳು ತಿಂಗಳು ಅಂಗಡಿಯಂತೆ ನಡೆಸುವುದು ಬೇರೆ. ಆ ಹಂತ ಬಂದರೆ ಪಾಲಿಕೆಯಲ್ಲಿ ವಿಚಾರಿಸಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ಗೆ ಮೊದಲೇ ತಿಳಿಸಿ.

ಆಟಿಕೆ ಇಡುವುದಾದರೆ ಇದು ಗೊತ್ತಿರಲಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ, ಜಿಐ ಆಟಿಕೆಯ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಕುಶಲಕರ್ಮಿಯ ಗುರುತಿನ ಚೀಟಿ, ಪೆಹಚಾನ್ ಕಾರ್ಡ್, ಕೇಳಿ ನೋಡಿ. ನಕಲಿ ಬೊಂಬೆಯಿಂದ ತಪ್ಪಿಸಿಕೊಳ್ಳಲೂ ಇದು ಒಳ್ಳೆಯ ದಾರಿ. ಹಪ್ಪಳ, ಚಟ್ನಿಪುಡಿ ಇಡಿ ಎಂದು ಸಂಘದವರು ಕೇಳಿದರೆ ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ, ನೋಂದಣಿ ಸಂಖ್ಯೆ ಇದ್ದರೆ ಮಾತ್ರ ಇಡಿ.

ನಿಮ್ಮ ಕೊನೆಯ ಪ್ರಶ್ನೆಗೆ ಮತ್ತೆ ಬರುತ್ತೇನೆ. ಒಂದೇ ಸಂಜೆಯ ಮಾರಾಟದಿಂದ ಒಂದು ಗುಂಪಿನ ಬದುಕು ಬದಲಾಗುವುದಿಲ್ಲ. ಕೋವಿಡ್ ಬಂದು ಮಾರಾಟ ನಿಂತಾಗ ಚರಕದಷ್ಟು ಹೆಸರು ಮಾಡಿದ ಸಂಸ್ಥೆಯೇ ದೊಡ್ಡ ಸಂಕಷ್ಟಕ್ಕೆ ಸಿಕ್ಕಿತು. ಈ ಗುಂಪುಗಳಿಗೆ ಬೇಕಿರುವುದು ಮುಂದಿನ ತಿಂಗಳೂ ಕೆಲಸ ಇದೆ ಎಂಬ ಭರವಸೆ. ಹಾಗಾಗಿ ನೀವು ಮಾಡಬೇಕಾದ ಬಹಳ ಮುಖ್ಯವಾದ ಕೆಲಸ ಮಾರಾಟದ ಮರುದಿನದ್ದು. ಗುಂಪಿಗೆ ಫೋನ್ ಮಾಡಿ, ಏನು ಮಾರಿತು, ಏನು ಉಳಿಯಿತು, ಯಾಕೆ ಉಳಿಯಿತು ಎಂದು ವಿವರವಾಗಿ ಹೇಳಿ. ಚೀಲದ ಹಿಡಿ ಹೆಗಲಿಗೆ ಬರುವಷ್ಟು ಉದ್ದವಿಲ್ಲ ಎಂದು ನಾಲ್ವರು ಹೇಳಿದ್ದರೆ, ಎಷ್ಟು ಇಂಚು ಬೇಕು ಎಂದು ಅಳೆದು ಹೇಳಿ. ತಿಳಿ ಬಣ್ಣ ಹೋಗಲಿಲ್ಲ, ಅಡಿಕೆ ಬಣ್ಣ ಎಲ್ಲ ಹೋಯಿತು ಎಂದರೆ ಅವರ ಮುಂದಿನ ನೂಲಿನ ಖರೀದಿಗೆ ಅದೇ ದಾರಿ ತೋರಿಸುತ್ತದೆ. ಅಂಗಡಿಗೆ ಕೊಟ್ಟರೆ ಇಂಥ ಸುದ್ದಿ ಅವರಿಗೆ ಸಿಗುವುದೇ ಇಲ್ಲ.

ಬಂದ ಅತಿಥಿಗಳಲ್ಲಿ ಮದುವೆ ಗೊತ್ತಾಗಿರುವ ಮನೆಯವರು, ಆಫೀಸಿನಲ್ಲಿ ದೀಪಾವಳಿ ಉಡುಗೊರೆಯ ಜವಾಬ್ದಾರಿ ಹೊತ್ತವರು ಇರುತ್ತಾರೆ. ತಾಂಬೂಲದ ಚೀಲ ಇನ್ನೂರು ಬೇಕು ಎಂದು ಒಬ್ಬರು ಹೇಳಿದರೂ ನಿಮ್ಮ ಇಡೀ ಸಂಜೆಯ ವ್ಯಾಪಾರಕ್ಕಿಂತ ದೊಡ್ಡ ಕೆಲಸ ಅದು. ಅಂಥವರನ್ನು ಗುಂಪಿನ ಜೊತೆ ನೇರವಾಗಿ ಮಾತಾಡಿಸಿ, ಅರ್ಧ ಮುಂಗಡದ ನಿಯಮ ಅವರಿಗೂ ಹೇಳಿ, ಕಮಿಷನ್ ಕೇಳದೆ ನಡುವಿನಿಂದ ಸರಿದುಬಿಡಿ. ಹಣ ಗುಂಪಿನ ಖಾತೆಗೇ ಹೋಗಲಿ; ಖಾತೆಯಲ್ಲಿ ವಹಿವಾಟು ಕಂಡರೆ ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅವರ ಮಾತಿಗೆ ತೂಕ ಬರುತ್ತದೆ. ಈ ವಿಷಯ ಬ್ಯಾಂಕಿನವರ ಬಾಯಿಂದಲೇ ಕೇಳಿ ಖಚಿತ ಮಾಡಿಕೊಳ್ಳಿ, ಗುಂಪಿನವರಿಗೂ ತಿಳಿಸಿ.

ಖರ್ಚೆಲ್ಲ ಕಳೆದು ಆ 15 ಭಾಗದಲ್ಲಿ ಏನಾದರೂ ಉಳಿದರೆ ಅದನ್ನು ದಾನವಾಗಿ ಕಳಿಸಬೇಡಿ. ಮುಂದಿನ ಆರ್ಡರಿನ ಮುಂಗಡಕ್ಕೆ ಸೇರಿಸಿ, ಸಂಕ್ರಾಂತಿಗೆ ಎಳ್ಳು ಬೀರುವ ಪುಟ್ಟ ಬಟ್ಟೆ ಚೀಲಗಳನ್ನು ಹೊಲಿಯಲು ಕೊಡಿ. ಮೈಸೂರಿನಲ್ಲಿ ಅದಕ್ಕೆ ಗಿರಾಕಿ ಹುಡುಕುವ ಕಷ್ಟವಿಲ್ಲ, ಕಾರ್ತಿಕದೊಳಗೆ ಹೇಳಿದರೆ ಅವರಿಗೂ ಹೊಲಿಯಲು ಸಮಯ ಸಿಗುತ್ತದೆ.